ಎರಡನೆಯ ಅಕ್ಷರದ ಹಟ

'ಕಡಲು, ಒಡನೆ, ಮಡಿಲು, ನಡೆದು' ಎಂಬ ಪದಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ನಾಲ್ಕರಲ್ಲೂ ಎರಡನೆಯ ಅಕ್ಷರದ ವ್ಯಂಜನ ಡಕಾರವೇ. ಪದ್ಯವೊಂದರ ನಾಲ್ಕು ಸಾಲುಗಳೂ ಇಂತಹ ಪದಗಳಿಂದ ಆರಂಭವಾದರೆ ಅದು ಆದಿಪ್ರಾಸ. ಅನೇಕ ಭಾಷೆಗಳ ಕವಿಗಳು ಸಾಲಿನ ಕೊನೆಯಲ್ಲಿ ತಂದ ಧ್ವನಿಯ ಪುನರಾವರ್ತನೆಯನ್ನು ಹಳಗನ್ನಡದ ಕವಿಗಳು ಸಾಲಿನ ಆರಂಭದಲ್ಲೇ ತಂದರು.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಪ್ರಾಸದ ವಿಚಾರವನ್ನು ಚರ್ಚಿಸಿದೆ. ಹತ್ತನೆಯ ಶತಮಾನದ ನಾಗವರ್ಮನು 'ಛಂದೋಂಬುಧಿ'ಯನ್ನು ಬರೆದು ಕನ್ನಡ ಛಂದಸ್ಸಿಗೆ ಶಾಸ್ತ್ರ ಒದಗಿಸಿದನು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಪ್ರಾಸಗಳನ್ನು ಆರು ಬಗೆಯಾಗಿ ವಿಂಗಡಿಸುವುದು ನಮ್ಮ ಛಂದಶ್ಶಾಸ್ತ್ರದ ವಾಡಿಕೆ. ಪ್ರಾಸಾಕ್ಷರದ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ.

ಈ ನಿಯಮಕ್ಕೆ ಪ್ರಯೋಜನವಿತ್ತು. ಓಲೆಗರಿಯ ಪ್ರತಿಗಳು ವಿರಳವಾಗಿದ್ದ ಕಾಲದಲ್ಲಿ ಒಬ್ಬರು ಓದಿದ ಕಾವ್ಯವನ್ನು ಹಲವರು ಕೇಳುತ್ತಿದ್ದರು. ಮರಳಿ ಮರಳಿ ಬರುವ ಧ್ವನಿ ನೆನಪಿಗೆ ಆಸರೆಯಾಗುತ್ತಿತ್ತು. ಆದರೆ ಕಡ್ಡಾಯವಾದಾಗ ಅದೇ ಹೊರೆಯೂ ಆಯಿತು. ಪ್ರಾಸ ಕೂಡಿಸುವುದಕ್ಕಾಗಿ ಬೇಡದ ಪದವನ್ನು ತುರುಕಬೇಕಾಗಿ ಬಂದರೆ ಅರ್ಥ ಸೊರಗುತ್ತದೆ.

ಹನ್ನೆರಡನೆಯ ಶತಮಾನದ ವಚನಕಾರರು ಈ ಕಟ್ಟುಪಾಡಿಗೆ ಒಳಗಾಗಲಿಲ್ಲ. ಆದರೂ ಪುನರಾವರ್ತನೆಯನ್ನು ಬಿಡಲಿಲ್ಲ. ಒಂದೇ ಮಾದರಿಯ ವಾಕ್ಯವನ್ನು ಮತ್ತೆ ಮತ್ತೆ ತಂದು, ಒಂದೆರಡು ಪದಗಳನ್ನು ಮಾತ್ರ ಬದಲಿಸಿ, ಅರ್ಥವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಅಕ್ಷರದ ಕೆಲಸವನ್ನು ವಾಕ್ಯಕ್ಕೆ ವಹಿಸಿದರೆನ್ನಬಹುದು.

ಹೊಸಗನ್ನಡ ಕಾವ್ಯದಲ್ಲಿ ಈ ಕಟ್ಟನ್ನು ಮುರಿದವರು ಮಂಜೇಶ್ವರ ಗೋವಿಂದ ಪೈ (1883–1963). 1911ರಲ್ಲಿ ಅವರು ಆದಿಪ್ರಾಸವನ್ನು ತ್ಯಜಿಸಿ ಕವಿತೆ ಬರೆದಾಗ ಸಂಪ್ರದಾಯಸ್ಥರು ಆಕ್ಷೇಪಿಸಿದರು. ಆದರೆ ಕನ್ನಡ ಕಾವ್ಯ ಬಡವಾಗಲಿಲ್ಲ. ಮುಂದಿನ ಕವಿಗಳು ಬೇಕಾದಲ್ಲಿ ಅಂತ್ಯಪ್ರಾಸವನ್ನು ಬಳಸಿದರು, ಬೇಡವಾದಲ್ಲಿ ಬಿಟ್ಟರು. ನಿಯಮವಾಗಿದ್ದದ್ದು ಆಯ್ಕೆಯಾಯಿತು.

ನಮ್ಮಲ್ಲಿ ಅನೇಕರಿಗೆ ಉರ್ದು ಗಜಲ್ ಪರಿಚಿತ. ಅದರ ಮೊದಲ ದ್ವಿಪದಿಯ ಎರಡೂ ಸಾಲುಗಳ ಕೊನೆಯಲ್ಲಿ, ಅನಂತರ ಪ್ರತಿ ದ್ವಿಪದಿಯ ಎರಡನೆಯ ಸಾಲಿನ ಕೊನೆಯಲ್ಲಿ ಒಂದೇ ಪದ ಅಥವಾ ಪದಗುಚ್ಛ ಮರಳಿ ಬರುತ್ತದೆ. ಅದೇ ರದೀಫ್. ಅದರ ಹಿಂದೆ ಬರುವ ಪ್ರಾಸಪದ ಕಾಫಿಯಾ. ರಾಯಚೂರು ಸೀಮೆಯ ಶಾಂತರಸರು (1924–2008) ಈ ಪ್ರಕಾರವನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಪ್ರಮುಖರು. ಒಳ್ಳೆಯ ಗಜಲಿನಲ್ಲಿ ರದೀಫ್ ಬದಲಾಗುವುದಿಲ್ಲ, ಆದರೆ ಪ್ರತಿ ಸಲವೂ ಅದರ ಅರ್ಥದ ಛಾಯೆ ಬದಲಾಗುತ್ತದೆ.

ಈ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. ಭಾಷಣ ಸ್ಪರ್ಧೆಗೆ ಸಿದ್ಧರಾಗುವಾಗ, ಪ್ರಬಂಧ ಬರೆಯುವಾಗ ಒಂದು ಮಾತನ್ನು ಎರಡನೆಯ ಸಲ ಹೇಳುವ ಮುನ್ನ ಕೇಳಿಕೊಳ್ಳಿ: ಇದು ಹೊಸ ಅರ್ಥವನ್ನು ತರುತ್ತಿದೆಯೇ, ಕೇಳುವವರ ನೆನಪಿಗೆ ನೆರವಾಗುತ್ತಿದೆಯೇ? ಹೌದಾದರೆ ಧೈರ್ಯವಾಗಿ ಹೇಳಿ. ಇಲ್ಲವಾದರೆ, ಕಿವಿಗೆ ಎಷ್ಟೇ ಇಂಪಾಗಿದ್ದರೂ, ಬಿಟ್ಟುಬಿಡಿ.