ಕೈಗಡಿಯಾರದಿಂದ ಬಂದ ನಿದ್ದೆ

ಮೈಕ್ರೋಕಂಟ್ರೋಲರ್‌ಗಳ ಸ್ಲೀಪ್ ಮೋಡ್ ಕಂಪ್ಯೂಟರ್ ಮನೆತನದ ಕೂಸು ಎಂದೇ ಹೆಚ್ಚಿನವರ ಎಣಿಕೆ. ನನ್ನ ಮಟ್ಟಿಗೆ ಅದರ ತವರು ಕೈಗಡಿಯಾರ. 1963ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಫ್ರಾಂಕ್ ವಾನ್‌ಲಾಸ್ ಮತ್ತು ಸಿ.ಟಿ. ಸಾ ಪ್ರಕಟಿಸಿದ ಸಿಮಾಸ್ ಸರ್ಕ್ಯೂಟಿನಲ್ಲಿ ಎರಡು ಬಗೆಯ ಟ್ರಾನ್ಸಿಸ್ಟರ್‌ಗಳು ಜೋಡಿಯಾಗಿರುತ್ತವೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಸ್ಥಿತಿ ಬದಲಾಗುವ ಗಳಿಗೆ ಬಿಟ್ಟರೆ ಕರೆಂಟ್ ಹರಿಯಲು ದಾರಿಯೇ ಇಲ್ಲ. ಆದರೆ ಆಗ ಅದಕ್ಕೆ ವೇಗ ಸಾಲದಾಗಿತ್ತು. ಗೋಡೆಯ ಪ್ಲಗ್ಗಿನಿಂದ ಬೇಕಾದಷ್ಟು ಕರೆಂಟ್ ಸಿಗುವ ಕಂಪ್ಯೂಟರಿಗೆ ಈ ಜಿಪುಣತನ ಬೇಕಿರಲಿಲ್ಲ. ಬಟನ್ ಸೆಲ್ಲಿನಲ್ಲೇ ತಿಂಗಳುಗಟ್ಟಲೆ ನಡೆಯಬೇಕಿದ್ದ ಗಡಿಯಾರಕ್ಕೆ ಬೇಕಿತ್ತು. 1972ರಲ್ಲಿ ಬಂದ ಹ್ಯಾಮಿಲ್ಟನ್ ಪಲ್ಸರ್ ಇದಕ್ಕೆ ಒಳ್ಳೆಯ ಸಾಕ್ಷಿ. ಎಲ್‌ಇಡಿ ಅಂಕಿಗಳು ಕರೆಂಟನ್ನು ಕುಡಿದುಬಿಡುತ್ತಿದ್ದ ಕಾರಣ ಗುಂಡಿ ಒತ್ತಿದಾಗ ಮಾತ್ರ ಒಂದು ಕ್ಷಣ ಬೆಳಗಿ ಆರುತ್ತಿದ್ದವು; ಒಳಗಿನ ಎಣಿಕೆ ಮಾತ್ರ ನಿಲ್ಲುತ್ತಿರಲಿಲ್ಲ. 2,100 ಡಾಲರ್ ತೆತ್ತವನಿಗೂ ವೇಳೆ ನೋಡಲು ಇನ್ನೊಂದು ಕೈ ಬೇಕಿತ್ತು. ಇಂದಿನ ಸ್ಲೀಪ್ ಮೋಡಿನ ತಿರುಳೂ ಇದೇ: ಸಣ್ಣ ಗಡಿಯಾರವೊಂದು ಎಚ್ಚರವಿದ್ದು ಉಳಿದದ್ದೆಲ್ಲ ಮಲಗುವುದು. ಆ ಗಡಿಯಾರದ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ; ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ.

1974ರ ಇಂಟೆಲ್ 8080ರಲ್ಲೇ ಹಾಲ್ಟ್ ಆದೇಶವಿತ್ತಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಇತ್ತು ನಿಜ. ಅದು ಪ್ರೋಗ್ರಾಮನ್ನು ನಿಲ್ಲಿಸುತ್ತಿತ್ತೇ ಹೊರತು ಕ್ಲಾಕನ್ನಲ್ಲ. ಸಿಮಾಸ್‌ನ ಜೋಡಿಯಿಲ್ಲದೆ ಒಂದೇ ಬಗೆಯ ಟ್ರಾನ್ಸಿಸ್ಟರ್‌ಗಳಿದ್ದ ಆ ಎನ್‌ಮಾಸ್ ಚಿಪ್ ಸುಮ್ಮನಿದ್ದರೂ ಬಿಸಿಯಾಗುತ್ತಲೇ ಇತ್ತು. ಮುಂದೆ ಸಿಮಾಸ್‌ನಲ್ಲಿ ಬಂದ 80ಸಿ51 ಚಿಪ್ಪಿನ ಪವರ್‌ಡೌನ್ ಸ್ಥಿತಿ ಕ್ಲಾಕ್ ಮಿಡಿಸುವ ಆಸಿಲೇಟರನ್ನೇ ನಿಲ್ಲಿಸಿತು. ಆದರೆ ಮೂಲ ಚಿಪ್ಪನ್ನು ಅದರಿಂದ ಎಬ್ಬಿಸಲು ರೀಸೆಟ್ ಒಂದೇ ಗತಿ. ಅದನ್ನು ನಿದ್ದೆಯೆನ್ನುವುದಕ್ಕಿಂತ ಮೂರ್ಛೆ ಎನ್ನುವುದೇ ಸರಿ. 1990ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತಂದ ಎಂಎಸ್‌ಪಿ430 ಮೈಕ್ರೋಕಂಟ್ರೋಲರ್ ಗಡಿಯಾರದ ಪಾಠವನ್ನು ಪೂರ್ತಿ ಕಲಿತಿತ್ತು. ಅದರ ಎಲ್‌ಪಿಎಂ3 ಎಂಬ ಸ್ಥಿತಿಯಲ್ಲಿ ಸಿಪಿಯು ಮತ್ತು ವೇಗದ ಕ್ಲಾಕ್ ಎರಡೂ ಬಂದ್. 32,768ರ ಹರಳಷ್ಟೇ ಮಿಡಿಯುತ್ತಿರುತ್ತದೆ. ನಿದ್ದೆಯ ಬಿಟ್‌ಗಳಿರುವುದು ಸ್ಟೇಟಸ್ ರಿಜಿಸ್ಟರಿನಲ್ಲೇ. ಇಂಟರಪ್ಟ್ ಬಂದೊಡನೆ ಆ ರಿಜಿಸ್ಟರ್ ಸ್ಟ್ಯಾಕಿಗೆ ಹೋಗುತ್ತದೆ, ಬಿಟ್‌ಗಳು ಅಳಿಯುತ್ತವೆ, ಸಿಪಿಯು ಏಳುತ್ತದೆ. ಕೆಲಸ ಮುಗಿದು ರಿಜಿಸ್ಟರ್ ಸ್ಟ್ಯಾಕಿನಿಂದ ಮರಳಿದರೆ, ಮಲಗೆಂದು ಬೇರೆ ಹೇಳದೆಯೇ ಚಿಪ್ ಮಲಗುತ್ತದೆ. ಇಂಥ ಚೊಕ್ಕ ಏರ್ಪಾಡು ನನಗೆ ಬೇರೆಲ್ಲೂ ಅಷ್ಟಾಗಿ ಕಂಡಿಲ್ಲ.

ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಖರ್ಚು ತಾನಾಗಿಯೇ ಇಳಿಯಿತು, ಇದರಲ್ಲಿ ಗಡಿಯಾರದ ಹೆಚ್ಚುಗಾರಿಕೆಯೇನು ಎಂಬುದು ಇನ್ನೊಂದು ಆಕ್ಷೇಪ. ಎಚ್ಚರದ ಖರ್ಚಿಗೆ ಈ ಮಾತು ಸಲ್ಲುತ್ತದೆ. ನಿದ್ದೆಯ ಖರ್ಚಿಗೆ ತಿರುವುಮುರುವು: ಟ್ರಾನ್ಸಿಸ್ಟರ್ ಕಿರಿದಾದಷ್ಟೂ ಮುಚ್ಚಿದಾಗಲೂ ಸೋರುವ ಕರೆಂಟ್ ಹೆಚ್ಚು. ಅದಕ್ಕೇ ಈಗಿನ ಚಿಪ್‌ಗಳು ಕ್ಲಾಕ್ ನಿಲ್ಲಿಸಿ ಸುಮ್ಮನಾಗದೆ ಒಳಗಿನ ಇಡೀ ಭಾಗಗಳ ವಿದ್ಯುತ್ತನ್ನೇ ಕಡಿದುಹಾಕುತ್ತವೆ. ಸುಮಾರು 225 ಮಿಲಿಆಂಪ್-ಅವರ್‌ನ ಸಿಆರ್2032 ಸೆಲ್ಲು 10 ಮಿಲಿಆಂಪ್ ಎಳೆದರೆ ಒಂದು ದಿನವೂ ಬಾಳದು. ಒಂದು ಮೈಕ್ರೋಆಂಪ್ ಎಳೆದರೆ, ಲೆಕ್ಕದ ಪ್ರಕಾರ, 25 ವರ್ಷ. ಆದರೂ ಎಲ್ಲಿಗೂ ಜೋಡಿಸದೆ ಬಿಟ್ಟ ಒಂದು ಇನ್‌ಪುಟ್ ಪಿನ್ ಈ ಲೆಕ್ಕವನ್ನೆಲ್ಲ ಕೆಡಿಸಬಲ್ಲದು. ಅದರ ವೋಲ್ಟೇಜ್ ಮೇಲೂ ಅಲ್ಲ, ಕೆಳಗೂ ಅಲ್ಲ ಎಂದು ನಡುವೆ ನಿಂತರೆ ಜೋಡಿಯ ಎರಡೂ ಟ್ರಾನ್ಸಿಸ್ಟರ್‌ಗಳು ಅರೆತೆರೆದು, ಸಿಮಾಸ್ ಮುಚ್ಚಿದ್ದ ದಾರಿಯಲ್ಲೇ ಕರೆಂಟ್ ಹರಿಯತೊಡಗುತ್ತದೆ.