ಕಾಷಾಯದ ಬಣ್ಣ

ಬೌದ್ಧ ಭಿಕ್ಷುವನ್ನು ನಾವು ದೂರದಿಂದಲೇ ಗುರುತಿಸುವುದು ಆತನ ಬಟ್ಟೆಯ ಬಣ್ಣದಿಂದ. ಆ ಬಣ್ಣಕ್ಕೆ ಕಾಷಾಯವೆಂದು ಹೆಸರು. ನೆಗಡಿಯಾದಾಗ ನಮ್ಮ ಮನೆಗಳಲ್ಲಿ ಕಾಸಿ ಕೊಡುವ ಕಷಾಯಕ್ಕೂ ಈ ಶಬ್ದಕ್ಕೂ ಮೂಲವೊಂದೇ. ಒಗರು, ಬೇರು ತೊಗಟೆಗಳನ್ನು ಕುದಿಸಿ ಇಳಿಸಿದ ರಸ, ಆ ರಸದ ಕಂದುಗೆಂಪು, ಕೊನೆಗೆ ಮನಸ್ಸಿನ ಕೊಳೆ, ಇಷ್ಟು ಅರ್ಥಗಳೂ ಅದರಲ್ಲಿ ಅಡಗಿವೆ. ಜೈನರು ಕ್ರೋಧ ಮಾನ ಮಾಯಾ ಲೋಭಗಳನ್ನು ಕಷಾಯಗಳೆಂದು ಕರೆಯುವುದನ್ನು ನಮ್ಮ ಹಳೆಯ ಕಾವ್ಯಗಳನ್ನೋದಿದವರು ಬಲ್ಲರು. ಕೊಳೆಯೆಂಬ ಅರ್ಥವುಳ್ಳ ಬಣ್ಣವು ವಿರಕ್ತರ ಲಾಂಛನವಾದುದು ಹೇಗೆ?

ವಿನಯಪಿಟಕದ ಮಹಾವಗ್ಗವನ್ನು ನೋಡಿದರೆ ಇದು ತಿಳಿಯುತ್ತದೆ. ಮೊದಮೊದಲು ಭಿಕ್ಷುಗಳು ಶ್ಮಶಾನದಲ್ಲಿಯೂ ಕಸದ ರಾಶಿಯಲ್ಲಿಯೂ ಬಿದ್ದ ಚಿಂದಿಗಳನ್ನು ಆಯ್ದು ಹೊಲಿದು ಉಡುತ್ತಿದ್ದರು. ವೈದ್ಯನಾದ ಜೀವಕನು ಬೆಲೆಬಾಳುವ ವಸ್ತ್ರವೊಂದನ್ನು ಬುದ್ಧನಿಗೆ ಅರ್ಪಿಸಿ ಬೇಡಿಕೊಂಡ ಮೇಲೆ, ಗೃಹಸ್ಥರು ಕೊಟ್ಟ ಬಟ್ಟೆಯನ್ನೂ ಸ್ವೀಕರಿಸಬಹುದೆಂದಾಯಿತು. ಒಳ್ಳೆಯ ಬಟ್ಟೆ ಸಂಘದೊಳಕ್ಕೆ ಬಂದುದರಿಂದಲೇ ಅದರ ಅಂದವನ್ನು ಕೆಡಿಸುವ ನಿಯಮಗಳು ಅಗತ್ಯವಾದುವೆಂದು ನಮಗೆ ತೋರುತ್ತದೆ. ದಕ್ಷಿಣಗಿರಿಯ ಕಡೆಗೆ ಹೋಗುತ್ತ ಬುದ್ಧನು ಬದುಗಳಿಂದ ಚೌಕಚೌಕವಾಗಿದ್ದ ಮಗಧದ ಗದ್ದೆಗಳನ್ನು ಆನಂದನಿಗೆ ತೋರಿಸಿ, ಚೀವರವನ್ನು ಹಾಗೆ ಹೊಲಿಯಬಲ್ಲೆಯಾ ಎಂದು ಕೇಳಿದನಂತೆ. ಆನಂದನು ಹೊಲಿದು ತಂದನು. ಕತ್ತರಿಸಿ ಕೂಡಿಸಿದ ಬಟ್ಟೆಯು ಶ್ರಮಣರಿಗೆ ತಕ್ಕುದು, ವೈರಿಗಳು ಆಸೆಪಡದಂತಹುದು ಎಂಬುದು ಅಲ್ಲಿಯ ಅಭಿಪ್ರಾಯ.

ಬಣ್ಣದ ವಿಷಯವೂ ಹೀಗೆಯೇ. ಭಿಕ್ಷುಗಳು ಸೆಗಣಿಯಿಂದಲೂ ಹಳದಿಯ ಮಣ್ಣಿನಿಂದಲೂ ಬಣ್ಣ ಕಟ್ಟಲು ಹೋಗಿ ಬಟ್ಟೆ ವಿಕಾರವಾಗಲು, ಬೇರು, ಕಾಂಡ, ತೊಗಟೆ, ಎಲೆ, ಹೂ, ಹಣ್ಣು ಎಂಬ ಆರು ಬಗೆಯ ಬಣ್ಣಗಳಿಗೆ ಒಪ್ಪಿಗೆಯಾಯಿತು. ಅಚ್ಚ ನೀಲಿ, ಅಚ್ಚ ಹಳದಿ, ಅಚ್ಚ ಕೆಂಪು, ಅಚ್ಚ ಕಪ್ಪು ನಿಷಿದ್ಧವಾದುವು. ಹೊಸ ಚೀವರವನ್ನು ಉಡುವ ಮುನ್ನ ನೀಲಿಯದೋ ಕೆಸರಿನದೋ ಕಪ್ಪುಗಂದಿನದೋ ಒಂದು ಕಲೆಯನ್ನು ಅದಕ್ಕೆ ಹಚ್ಚಲೇಬೇಕು. ಸಿಂಹಳದಲ್ಲಿಯೂ ಸಯಾಮಿನಲ್ಲಿಯೂ ಹಲಸಿನ ಚೇಗನ್ನು ಕುದಿಸಿ ಬಣ್ಣ ತೆಗೆಯುತ್ತಿದ್ದರು. ಊರಿನ ಮರ ಯಾವುದೋ ಸಂಘದ ಬಣ್ಣ ಅದು. 1960ರ ದಶಕದಿಂದ ನಮ್ಮ ಬೈಲಕುಪ್ಪೆಯಲ್ಲಿ ಕಾಣುವ ಟಿಬೆಟ್ಟಿನ ಲಾಮಾಗಳ ಗಾಢವಾದ ಕಂದುಗೆಂಪನ್ನು ಸಿಂಹಳದ ಕಾವಿಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಹೆಸರಿನ ಬಣ್ಣವೆಂದು ನಂಬುವುದು ಕಷ್ಟ.

ಬಣ್ಣವು ಗುರುತಾದೊಡನೆ ಅದನ್ನು ಕಳಚುವುದು ಶಿಕ್ಷೆಯಾಯಿತು. ಬಿಳುಪು ಗೃಹಸ್ಥರ ಬಣ್ಣ. ನಮ್ಮ ಮಸ್ಕಿ ಬ್ರಹ್ಮಗಿರಿಗಳ ಬಂಡೆಗಳ ಮೇಲೆ ಶಾಸನ ಬರೆಸಿದ ಅಶೋಕನೇ ಕ್ರಿ.ಪೂ. 3ನೆಯ ಶತಮಾನದಲ್ಲಿ ಸಾರನಾಥದ ಕಂಬದ ಮೇಲೆ, ಸಂಘವನ್ನೊಡೆಯುವ ಭಿಕ್ಷುವಿಗಾಗಲಿ ಭಿಕ್ಷುಣಿಗಾಗಲಿ ಬಿಳಿಯ ಬಟ್ಟೆಯುಡಿಸಿ ವಿಹಾರದ ಹೊರಗಿಡತಕ್ಕದ್ದೆಂದು ಕೆತ್ತಿಸಿದನು. ಚೀವರದ ಮೇಲೆ ಅರಸನ ಕೈ ಬಿದ್ದುದನ್ನು ನಾವು ಇಲ್ಲಿ ಸ್ಪಷ್ಟವಾಗಿ ಕಾಣುತ್ತೇವೆ.

ಪ್ರಾಚೀನ ಶಿಲಾಪ್ರತಿಮೆಗಳ ಮೇಲಿದ್ದ ಬಣ್ಣ ಬಹುಮಟ್ಟಿಗೆ ಅಳಿಸಿಹೋಗಿದೆ. ಉಳಿದಿರುವುದು ನೆರಿಗೆ ಮತ್ತು ಹೆಗಲು. ಗಾಂಧಾರದ ಬುದ್ಧನು ಸಾಮಾನ್ಯವಾಗಿ ಎರಡು ಹೆಗಲನ್ನೂ ದಪ್ಪನೆಯ ನೆರಿಗೆಗಳಿಂದ ಮುಚ್ಚಿಕೊಂಡಿದ್ದಾನೆ. ಮಥುರೆಯ ಆರಂಭದ ಪ್ರತಿಮೆಗಳಲ್ಲಿ ಬಲಹೆಗಲು ಬರಿದು. ಈ ಹೆಗಲು ಸಣ್ಣ ಮಾತೆಂದು ತಿಳಿಯಬಾರದು. ಊರೊಳಕ್ಕೆ ಹೋಗುವಾಗ ಒಂದು ಹೆಗಲು ಮುಚ್ಚಬೇಕೋ ಎರಡೋ ಎಂದು ಬರ್ಮಾದ ಭಿಕ್ಷುಗಳು 18ನೆಯ ಶತಮಾನವಿಡೀ ಎರಡು ಪಕ್ಷವಾಗಿ ಕಾದಾಡಿದರು. 1782ರಲ್ಲಿ ಪಟ್ಟವೇರಿದ ಬೋದಾಪಯಾ ದೊರೆಯು ಎರಡು ಹೆಗಲಿನವರ ಪರವಾಗಿ ತೀರ್ಪಿತ್ತ ಮೇಲೆಯೇ ಅದು ಅಡಗಿತು.

ದೊರೆಗಳು ಚೀವರಕ್ಕೆ ಕೈಹಾಕಿದುದು ಬರಿಯ ತೀರ್ಪಿಗಾಗಿಯೇ ಅಲ್ಲ. ಬ್ಯಾಂಕಾಕಿನ ಮರಕತ ಬುದ್ಧನೆಂಬ ಹಸಿರು ಕಲ್ಲಿನ ವಿಗ್ರಹಕ್ಕೆ ಬೇಸಿಗೆ, ಮಳೆ, ಚಳಿ ಎಂಬ ಮೂರು ಕಾಲಗಳಿಗೂ ಬೇರೆಬೇರೆ ಚಿನ್ನದ ಉಡುಗೆಗಳುಂಟು, ಬದಲಾಯಿಸುವವನು ದೊರೆ. ಮಳೆಗಾಲದ ಉಡುಗೆ ಮಾತ್ರ ಭಿಕ್ಷುವಿನ ಚೀವರದಂತೆ ಒಂದು ಹೆಗಲನ್ನು ಬಿಟ್ಟಿದೆ. ಚಿಂದಿಯ ಆಕಾರವನ್ನು ಚಿನ್ನದಲ್ಲಿ ಮಾಡಿಸಿದ್ದಾರೆ!

ಜಪಾನಿನಲ್ಲಿ ಈ ಗೌರವವು ಇನ್ನೂ ಕಟುವಾಯಿತು. ಅಲ್ಲಿ ಶ್ರೇಷ್ಠ ಗುರುಗಳಿಗೆ ಚಕ್ರವರ್ತಿಯು ನೇರಿಳೆಯ ಚೀವರವನ್ನು ದಯಪಾಲಿಸುವ ರೂಢಿಯಿತ್ತು. ಗೋ-ಮಿಜುನೂ ಚಕ್ರವರ್ತಿಯು ಷೋಗುನನ ಸರ್ಕಾರವನ್ನು ಕೇಳದೆ ಹೀಗೆ ಕೊಟ್ಟಿದ್ದ ಚೀವರಗಳನ್ನು ಆ ಸರ್ಕಾರವು 1627ರಲ್ಲಿ ರದ್ದುಮಾಡಿತು. ಪ್ರತಿಭಟಿಸಿದ ತಾಕುವಾನ್ ಎಂಬ ಝೆನ್ ಗುರುವನ್ನು 1629ರಲ್ಲಿ ದೂರದ ಉತ್ತರ ಪ್ರಾಂತಕ್ಕೆ ಗಡೀಪಾರು ಮಾಡಿದರು. ಅದೇ ವರುಷ ಚಕ್ರವರ್ತಿಯೂ ಸಿಂಹಾಸನವನ್ನು ಮಗಳಿಗೆ ಬಿಟ್ಟುಕೊಟ್ಟನು.