ಯಾವ ಟೇಬಲ್ಲು ಎಷ್ಟು ಜಾಗ ತಿಂದಿದೆ?

ಡಿಸ್ಕು ತುಂಬುತ್ತಾ ಬಂದಾಗ ಡೇಟಾಬೇಸ್ ನೋಡಿಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಇದು. ಜಾಗ ಪೂರ್ತಿ ಮುಗಿದರೆ ಹೊಸ ಸಾಲು ಬರೆಯಲಾಗುವುದಿಲ್ಲ, ಅಲ್ಲಿಗೆ ವ್ಯವಹಾರವೇ ನಿಂತಂತೆ. ಇಷ್ಟು ಸರಳ ಪ್ರಶ್ನೆಗೆ ಎಲ್ಲ ಡೇಟಾಬೇಸುಗಳಲ್ಲೂ ನಡೆಯುವ ಒಂದೇ ಎಸ್‌ಕ್ಯೂಎಲ್ ಉತ್ತರ ಇವತ್ತಿಗೂ ಇಲ್ಲ ಅಂದರೆ ನಂಬ್ತೀರಾ?

ಇದರ ಬೇರು 1970ರಲ್ಲಿದೆ. ಆ ವರ್ಷ ಐಬಿಎಂನ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯನ್ನು ಮಂಡಿಸಿದರು. ಡೇಟಾ ಡಿಸ್ಕಿನ ಮೇಲೆ ಹೇಗೆ ಕೂತಿದೆ ಅನ್ನುವುದು ಬಳಸುವವನಿಗೆ ಗೊತ್ತಿರಬೇಕಾದ ಅಗತ್ಯವೇ ಇರಬಾರದು ಅನ್ನುವುದು ಅವರ ಹಟ. ಒಳ್ಳೆಯ ಹಟವೇ ಬಿಡಿ. ಅದಕ್ಕೂ ಮುಂಚೆ ಫೈಲಿನ ರಚನೆ ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕಾಗುತ್ತಿತ್ತು. ಆದರೆ ಜಾಗದ ಲೆಕ್ಕ ಕೇಳುವವನು ಕೇಳುವುದು ಕಾಡ್ ಮುಚ್ಚಿಟ್ಟ ಆ ಸಂಗತಿಯನ್ನೇ!

ಐಬಿಎಂನದೇ ಸಿಸ್ಟಮ್ ಆರ್, ಟೇಬಲ್‌ಗಳ ಕುರಿತ ವಿವರವನ್ನೂ ಟೇಬಲ್‌ಗಳಲ್ಲೇ ಇಟ್ಟಿತು. 1985ರಲ್ಲಿ ಕಾಡ್ ಬರೆದ ಪ್ರಸಿದ್ಧ ನಿಯಮಗಳಲ್ಲಿ ನಾಲ್ಕನೆಯದು ಇದೇ. ಮುಂದೆ ಎಸ್‌ಕ್ಯೂಎಲ್-92 ಮಾನಕ 'ಇನ್ಫರ್ಮೇಶನ್ ಸ್ಕೀಮಾ' ತಂದಿತು. ಟೇಬಲ್ ಹೆಸರು, ಕಾಲಂ, ಅದರ ಬಗೆ ಎಲ್ಲ ಅಲ್ಲಿದೆ. ಗಾತ್ರ ಮಾತ್ರ ಇಲ್ಲ.

ಹೀಗಾಗಿ ಒಬ್ಬೊಬ್ಬರದು ಒಂದೊಂದು ದಾರಿ. ಒರಾಕಲ್‌ನವರು ಡಿಬಿಎ_ಸೆಗ್ಮೆಂಟ್ಸ್ ನೋಡಿ ಬೈಟುಗಳನ್ನು ಕೂಡುತ್ತಾರೆ. ಮಿಕ್ಕವರ ಮಟ್ಟಿಗೆ 2005ರ ಅಕ್ಟೋಬರ್-ನವೆಂಬರ್ ಸುಗ್ಗಿಯ ಕಾಲ. ಕೆಲವೇ ವಾರಗಳ ಅಂತರದಲ್ಲಿ ಮೈಎಸ್‌ಕ್ಯೂಎಲ್ 5.0 ಬಂತು, ಇನ್ಫರ್ಮೇಶನ್ ಸ್ಕೀಮಾಕ್ಕೆ ಡೇಟಾ_ಲೆಂಗ್ತ್, ಇಂಡೆಕ್ಸ್_ಲೆಂಗ್ತ್ ಅನ್ನುವ ತನ್ನದೇ ಕಾಲಂಗಳನ್ನು ಸೇರಿಸಿಕೊಂಡು. ಪೋಸ್ಟ್‌ಗ್ರೆಸ್ 8.1 ಪಿಜಿ_ಟೋಟಲ್_ರಿಲೇಶನ್_ಸೈಜ್ ಕೊಟ್ಟಿತು. ಎಸ್‌ಕ್ಯೂಎಲ್ ಸರ್ವರ್ 2005ರಲ್ಲಿ ಡಿಎಂ_ಡಿಬಿ_ಪಾರ್ಟಿಶನ್_ಸ್ಟಾಟ್ಸ್ ಬಂತು. ಅಲ್ಲಿಂದ ಎಲ್ಲ ಟೇಬಲ್‌ಗಳನ್ನೂ ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸುವುದು ಒಂದೇ ಕ್ವೆರಿಯ ಕೆಲಸವಾಯಿತು.

ಅಂದ ಹಾಗೆ, ಸಿಕ್ಕ ಅಂಕಿಯನ್ನೆಲ್ಲ ಕಣ್ಣುಮುಚ್ಚಿ ನಂಬಬೇಡಿ. ಪೋಸ್ಟ್‌ಗ್ರೆಸ್ 2001ರ 7.1ರಿಂದ ದೊಡ್ಡ ದೊಡ್ಡ ಪಠ್ಯಗಳನ್ನು 'ಟೋಸ್ಟ್' ಅನ್ನುವ ಬೇರೊಂದು ಟೇಬಲ್ಲಿಗೆ ಸಾಗಿಸುತ್ತದೆ. ಪಿಜಿ_ರಿಲೇಶನ್_ಸೈಜ್ ಅಷ್ಟೇ ಕೇಳಿದರೆ ಟೋಸ್ಟೂ ಇಂಡೆಕ್ಸೂ ಲೆಕ್ಕಕ್ಕೆ ಬರುವುದಿಲ್ಲ, ಡಿಸ್ಕು ನುಂಗಿದ ಟೇಬಲ್ಲು ಬಡಕಲಾಗಿ ಕಾಣುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಕೊಡುವುದಂತೂ ಅಂದಾಜು. 2018ರ 8.0ರಿಂದ ಅದು ಡೀಫಾಲ್ಟಾಗಿ 24 ಗಂಟೆ ಹಳೆಯದೂ ಆಗಿರಬಹುದು. ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿ ಡಿಸ್ಕು ಇಲ್ಲದಿದ್ದರೆ ಮೊದಲು ಅನಲೈಜ್ ಟೇಬಲ್ ಓಡಿಸಿ, ಆಮೇಲೆ ನೋಡಿ.